ಕೊಟ್ಟಿಗೆಗೊಂದು ಮನೆ ನಂಬರು

ವೇಣುಗೋಪಾಲನ ಹೆಸರಿನಲ್ಲಿ ಒಂದು ಮನೆಯಿದೆ ಎಂಬುದು ಸ್ವತಃ ವೇಣುಗೋಪಾಲನಿಗೆ ಗೊತ್ತಾದದ್ದು ಶುಕ್ರವಾರ ಬೆಳಗ್ಗೆ ಏಳೂಕಾಲಿಗೆ, ಫೋನಿನಲ್ಲಿ.

ನೆಲಮಂಗಲದ ಗೋದಾಮೊಂದರಲ್ಲಿ ಅವನು ಸೂಪರ್‌ವೈಸರ್. ಹನ್ನೊಂದು ವರ್ಷದಿಂದ ಬಾಡಿಗೆ ಮನೆ. ಗೋದಾಮಿನ ನೌಕರರ ಸಂಘ ಮೊದಲ ಸಲ ಮನೆ ಕೊಳ್ಳುವವರಿಗೆ ಮುಂಗಡಕ್ಕೂ ನೋಂದಣಿ ಖರ್ಚಿಗೂ ಸೇರಿ ಮೂರು ಲಕ್ಷ ಸಹಾಯಧನ ಕೊಡುತ್ತಿತ್ತು. ವಾಪಸ್ ಕೊಡಬೇಕಾಗಿಲ್ಲ. ಗಂಡ ಹೆಂಡತಿ ಯಾರ ಹೆಸರಿನಲ್ಲೂ ಬೇರೆ ಮನೆ ಇರಬಾರದು, ಅಷ್ಟೇ ಷರತ್ತು. ಆ ಹಣ ನಂಬಿ ವೇಣು ಒಂದು ಫ್ಲಾಟು ಮಾತಾಡಿದ್ದ. ಹೆಂಡತಿ ನವ್ಯಶ್ರೀ ಕಿಟಕಿ ಪರದೆಗೆ ಅಳತೆಯನ್ನೂ ತಂದಿದ್ದಳು.

“ಊರಲ್ಲಿ ನಿಮ್ಮ ಹೆಸರಿಗೆ ಮನೆ ತೋರಿಸ್ತಿದೆಯಲ್ಲ ಸಾರ್?” ಎಂದ ಸಂಘದ ಗುಮಾಸ್ತ.

“ಅಯ್ಯೋ, ಅದು ದನದ ಕೊಟ್ಟಿಗೆ ಕಣ್ರೀ!”

ನಿಜವೇ. ಅರಿಶಿನಕುಂಟೆಯ ಆಚೆಗಿನ ಅವರ ಊರಿನಲ್ಲಿ ಭಾಗವಾದಾಗ ಮನೆ ದೊಡ್ಡಪ್ಪ ಗೋಪಾಲಪ್ಪನಿಗೆ, ಕೊಟ್ಟಿಗೆ ವೇಣುವಿನ ಅಪ್ಪನಿಗೆ ಬಂದಿತ್ತು. ಕೊಟ್ಟಿಗೆಗೆ ಒಂದು ಬಲ್ಬು ಹಾಕಿಸಲು ಕರೆಂಟ್ ಬೇಕು, ಕರೆಂಟಿಗೆ ಮನೆ ನಂಬರು ಬೇಕು ಎಂದು ಅಪ್ಪ ಅದಕ್ಕೆ ಮನೆ ಕಂದಾಯ ಕಟ್ಟಿದ್ದ. ಅಪ್ಪ ಹೋದ ಮೇಲೆ ಆ ನಂಬರು ಮಗನಿಗೆ ಬಂದಿತ್ತು.

“ಹತ್ತು ಗಂಟೆಗೆ ನಮ್ಮೋರು ಬಂದು ನೋಡ್ತಾರೆ. ಕೊಟ್ಟಿಗೆ ಅಂತ ಬರೆದ್ರೆ ಸರಿ. ಇಲ್ಲಾಂದ್ರೆ ಅರ್ಜಿ ವಜಾ” ಎಂದ ಗುಮಾಸ್ತ.

ವೇಣು ತಕ್ಷಣ ಊರಿಗೆ ಫೋನ್ ಮಾಡಿ, “ದೊಡ್ಡಪ್ಪ, ಕೊಟ್ಟಿಗೆ ನೋಡೋಕೆ ಆಫೀಸರ್ ಬರ್ತಾರೆ” ಎಂದಷ್ಟೇ ಹೇಳಿ ಬೈಕು ಹತ್ತಿದ. ಅಷ್ಟೇ ಹೇಳಿದ್ದು ತಪ್ಪಾಯಿತು.

ಅವನು ಹೋಗುವಷ್ಟರಲ್ಲಿ ಕೊಟ್ಟಿಗೆ, ಹೆಣ್ಣು ನೋಡಲು ಬರುವವರಿಗಾಗಿ ಸಿಂಗರಿಸಿಕೊಂಡು ಕೂತ ಹುಡುಗಿಯಂತಿತ್ತು. ಗೋಡೆಗೆ ಹಸಿ ಸುಣ್ಣ, ಬಾಗಿಲಿಗೆ ಮಾವಿನ ಸೊಪ್ಪು, ಮುಂದೆ ರಂಗೋಲಿ. ಒಳಗೆ ಮಂಚ, ಗ್ಯಾಸ್ ಒಲೆ. ಹಸು ನಾಪತ್ತೆ.

“ಏನು ದೊಡ್ಡಪ್ಪ ಇದು?”

“ರೋಡ್ ಅಗಲ ಮಾಡೋರು ತಾನೆ ಬರ್ತಿರೋದು? ಪರಿಹಾರಕ್ಕೆ ಮನೆ ಅಂದ್ರೆ ಒಂದು ರೇಟು, ಕೊಟ್ಟಿಗೆ ಅಂದ್ರೆ ಇನ್ನೊಂದು ರೇಟು ಕಣಪ್ಪಾ” ಎಂದರು ಗೋಪಾಲಪ್ಪ.

“ಬರ್ತಿರೋರು ಅವರಲ್ಲ! ನಂಗೆ ಇದು ಕೊಟ್ಟಿಗೆ ಅಂತಲೇ ಆಗ್ಬೇಕು!”

“ಅಯ್ಯೋ, ಅಡುಗೆಮನೆ ಥರ ಕಾಣ್ಲಿ ಅಂತ ನಮ್ಮನೆ ಮಿಕ್ಸಿ ಬೇರೆ ತಂದಿಟ್ಟಿದ್ದೆ” ಎಂದು ಪಕ್ಕದ ಮನೆಯ ಗಂಗಲಕ್ಷ್ಮಮ್ಮ ನೊಂದುಕೊಂಡರು.

ವೇಣು ಮಂಚ ಹೊರಗೆಳೆದ. ಮಾವಿನ ಸೊಪ್ಪು ಕಿತ್ತ. ಎರಡು ಮಂಕರಿ ಸಗಣಿ ತಂದು ಒಳಗೆ ಸುರಿದ. ಹಿತ್ತಲಲ್ಲಿ ಬಚ್ಚಿಟ್ಟಿದ್ದ ಹಸುವನ್ನು ಹಿಡಿದು ತಂದರೆ, ಸುಣ್ಣದ ವಾಸನೆಗೆ ಅದು ಮುನಿಸಿಕೊಂಡ ಬೀಗರ ಹಾಗೆ ಬಾಗಿಲಲ್ಲೇ ನಿಂತಿತು. ಹಿಂದಿನಿಂದ ಹೆಗಲು ಕೊಟ್ಟು ಅದನ್ನು ಒಳಗೆ ತಳ್ಳುವಷ್ಟರಲ್ಲಿ ಜೀಪು ಬಂದು ನಿಂತಿತು. ಅಳತೆ ಟೇಪು ಹಿಡಿದ ಅಧಿಕಾರಿ ಇಳಿದರು.

“ಈ ಮನೆ ಯಾರದು?”

“ನಂದೇ ಸಾರ್. ಆದ್ರೆ ಮನೆಯಲ್ಲ, ಕೊಟ್ಟಿಗೆ.”

“ಮನೆ ನಂಬರ್ ಇದೆಯಲ್ರೀ.”

“ನಂಬರ್ ಬಸ್ಸಿಗೂ ಇರುತ್ತೆ ಸಾರ್. ಮನುಷ್ಯರು ಇರೋ ಜಾಗನಾ ಇದು? ನೋಡಿ!” ವೇಣು ಗೋಡೆಗೆ ಒಂದು ಒದೆ ಕೊಟ್ಟ. ಮೂರು ಇಟ್ಟಿಗೆ ಬಿದ್ದವು.

ಅಧಿಕಾರಿ ಕಣ್ಣರಳಿಸಿದರು. “ಬರೆದು ಸಹಿ ಹಾಕಿ ಕೊಡ್ತೀರಾ?”

ಒಂದು ಸಹಿ ಕೇಳಿದರೆ ವೇಣು ಮೂರು ಹಾಕಿದ. ಅಧಿಕಾರಿ ಸಗಣಿ ಮೆತ್ತಿದ್ದ ಅವನ ಕೈಯನ್ನೇ ಹಿಡಿದು ಕುಲುಕಿದರು. “ನಿನ್ನೆಯಿಂದ ಹದಿನಾಲ್ಕು ಕಡೆ ಅಳೆದೆ. ಕೋಳಿಗೂಡನ್ನೂ ಮನೆ ಅಂದ್ರು ಜನ. ನಿಮ್ಮಂಥೋರು ಇರ್ಬೇಕು ನೋಡಿ. ರಸ್ತೆಗೆ ಹೋಗೋ ಈ ಒಂದು ಕಟ್ಟಡದಲ್ಲೇ ಪರಿಹಾರದ ಒಂಬತ್ತು ಲಕ್ಷ ಉಳೀತು.”

ಬಂದವರು ಸಂಘದವರಲ್ಲ, ರಸ್ತೆಯವರೇ ಎಂದು ವೇಣುವಿಗೆ ಆಗ ಅರ್ಥವಾಯಿತು. ಅವನು ಜೀಪಿನ ಬಾಗಿಲಿಗೆ ಜೋತುಬಿದ್ದ.

“ಸಾರ್, ಇದು ಮನೇನೇ ಸಾರ್! ನಾನು ಹುಟ್ಟಿದ್ದು ಇಲ್ಲೇ. ನನ್ನ ಹೆಂಡ್ತೀನ ಮನೆ ತುಂಬಿಸ್ಕೊಂಡಿದ್ದು ಇದೇ ಬಾಗಿಲಲ್ಲಿ. ಇವತ್ತಿಗೂ ವಾಸ ಇರೋದು ಇಲ್ಲೇ!”

“ಹೌದು ಸ್ವಾಮಿ, ಇಲ್ಲೇ!” ಎಂದು ಗಂಗಲಕ್ಷ್ಮಮ್ಮ ಮಿಕ್ಸಿ ಎತ್ತಿ ತೋರಿಸಿದರು.

“ಸಹಿ ಹಾಕಿ ಆಯ್ತಲ್ಲಪ್ಪಾ” ಎಂದು ಅಧಿಕಾರಿ ಬಾಗಿಲು ಎಳೆದುಕೊಂಡರು. ಜೀಪು ಹೋಯಿತು.

ಜೀಪು ನಿಂತಿದ್ದ ಜಾಗದ ಹಿಂದೆ ಒಂದು ಸ್ಕೂಟರು. ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಒಬ್ಬ ಹೆಣ್ಣುಮಗಳು ಫೈಲಿನಲ್ಲಿ ಸರಸರನೆ ಬರೆಯುತ್ತಿದ್ದಳು.

“ವೇಣುಗೋಪಾಲ್ ಅವರು ತಾನೆ? ಸಂಘಮಿತ್ರ ಅಂತ, ನೌಕರರ ಸಂಘದಿಂದ ಬಂದಿದೀನಿ. ಮಾತಾಡ್ತಿದ್ರಲ್ಲ, ಮುಗೀಲಿ ಅಂತ ನಿಂತಿದ್ದೆ” ಎಂದಳು ಅವಳು ವಿನಯದಿಂದ. “ಹುಟ್ಟಿದ್ದು ಇಲ್ಲೇ, ವಾಸ ಇಲ್ಲೇ ಅಂತ ಬರ್ಕೊಂಡೆ. ಮಧ್ಯೆ ಹೆಂಡತಿ ವಿಷಯ ಏನೋ ಅಂದ್ರಿ, ಅದೊಂದು ಬಿಟ್ಟುಹೋಯ್ತು. ಇನ್ನೊಂದ್ಸಲ ಹೇಳ್ತೀರಾ?”

ವೇಣು ತಾನೇ ಹೊರಗೆಳೆದಿದ್ದ ಮಂಚದ ಮೇಲೆ ಹೋಗಿ ಕೂತ. ತಮ್ಮನ ಮಗನಿಗೆ ಆಯಾಸವಾಗಿದೆಯೆಂದುಕೊಂಡು ಗೋಪಾಲಪ್ಪ ಮುಂದೆ ಬಂದರು.

“ನಾನು ಹೇಳ್ತೀನಿ, ಬರ್ಕೋ ತಾಯಿ.”