ಆರು ಕಾಲಿನ ಮಾವ

ನಮ್ಮ ಮಾವನವರಿಗೆ ಇರುವೆಗಳ ಮೇಲಿದ್ದ ಗೌರವದಲ್ಲಿ ಕಾಲು ಭಾಗ ಮನುಷ್ಯರ ಮೇಲಿದ್ದಿದ್ದರೆ ಅವರು ಎಂಎಲ್‌ಎ ಆಗುತ್ತಿದ್ದರು! ಸಕ್ಕರೆ ಡಬ್ಬಕ್ಕೆ ಇರುವೆ ಮುತ್ತಿದೆಯೆಂದು ಅತ್ತೆ ಕೂಗಿದರೆ ಕನ್ನಡಕ ಏರಿಸಿಕೊಂಡು ಓಡಿ ಬರುತ್ತಿದ್ದರು. “ತಡಿಯೇ, ಅವುಗಳ ಶಿಫ್ಟ್ ಮುಗೀಲಿ” ಎಂದು ಅಲ್ಲೇ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಸಕ್ಕರೆಯೂ ಶಿಫ್ಟಿನ ಜೊತೆಗೇ ಮುಗಿಯುತ್ತಿತ್ತು.

ಮಂಡ್ಯದ ಕಡೆ ಎಂಟನೇ ಕ್ಲಾಸು ಮುಗಿಸಿ ಮದರಾಸಿಗೆ ಬಂದು, ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರಾಗಿಯೇ ನಿವೃತ್ತರಾದವರು. ಒಂದು ವರ್ಷ ಆಯುಧಪೂಜೆಯ ದಿನ ಸ್ಪ್ಯಾನರು, ಸೈಕಲ್ಲು, ಮಿಕ್ಸಿಗೆಲ್ಲ ಕುಂಕುಮ ಇಟ್ಟಾದ ಮೇಲೆ ಸ್ಟೂಲ್ ಹತ್ತಿ, ಕಿಟಕಿ ಮೂಲೆಯಲ್ಲಿ ಕಣಜದ ಹುಳ ಕಟ್ಟಿದ್ದ ಮಣ್ಣಿನ ಗೂಡಿಗೂ ಒಂದು ಬೊಟ್ಟಿಟ್ಟರು. ಡ್ರಾಯಿಂಗ್ ಇಲ್ಲದೆ ಕಟ್ಟಿದ್ದಾಳೆ, ಅವಳಿಗಲ್ಲದೆ ಇನ್ಯಾರಿಗೆ ಪೂಜೆ ಎಂದರು. ಅವಳೂ ಭಕ್ತನನ್ನು ಬರಿಗೈಲಿ ಕಳಿಸಲಿಲ್ಲ. ಹಣೆಯ ಮೇಲೆ ನಿಂಬೆಗಾತ್ರದ ಪ್ರಸಾದ! ಊದಿದ ಹಣೆಗೆ ಅತ್ತೆ ಸುಣ್ಣ ಹಚ್ಚುತ್ತಿದ್ದರೆ ಇವರು ಕುಟುಕಿದ ಸೂಜಿಯ ಫಿನಿಶಿಂಗ್ ಹೊಗಳುತ್ತಿದ್ದರು.

ಇಂಥ ಮನೆಗೆ ಸೊಸೆಯಾಗಿ ಬಂದವಳು ನಾನು. ನನ್ನ ತವರಿನಲ್ಲೂ ಈ ಮನೆಯಲ್ಲೂ ಮೊದಲ ಡಿಗ್ರಿ ನನ್ನದೇ. ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲಕ್ಕೆ ಗೆದ್ದ ಬಿಎಸ್ಸಿ. ಟಿ. ನಗರಕ್ಕೆ ಮೊದಲ ಸಲ ಹೋದಾಗ ಸೀರೆ ಅಂಗಡಿಗೆ ಹೋಗದೆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಲು ಅಂಗಡಿ ಹುಡುಕಿದ ಹೆಂಗಸು ನಾನೊಬ್ಬಳೇ ಇರಬೇಕು.

ತೊಂಬತ್ತರ ದಶಕದ ಕೊನೆಗೆ ಹತ್ತಿರದ ಸಣ್ಣ ಶಾಲೆಯೊಂದರಲ್ಲಿ ಮೂರನೇ ತರಗತಿಗೆ ಟೀಚರ್ ಆದೆ. ಅದೂ ತಾತ್ಕಾಲಿಕ. ಕರೆಸ್ಪಾಂಡೆಂಟ್, ಅಂದರೆ ಶಾಲೆಯ ಒಡೆಯರು, ಒಂದು ದಿನ ಬಂದು ನನ್ನ ಪಾಠ ನೋಡುತ್ತಾರೆ. ಹಿಡಿಸಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆ. ಪಾಠ: ಕೀಟಗಳು. ಅದಕ್ಕೆ ವಾರ ಮೊದಲು ಒಂದು ಹುಡುಗಿ ಎದ್ದು ನಿಂತು, ನಾಯಿಗೆ ನಾಲ್ಕು ಕಾಲು ಸಾಕಾದರೆ ಇರುವೆಗೇಕೆ ಆರು ಬೇಕು ಎಂದು ಕೇಳಿಬಿಟ್ಟಳು. ನನ್ನ ಬಿಎಸ್ಸಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಟೀಚರುಗಳಿಗೆ ನಾಳೆ ಎಂಬುದೊಂದು ಇರದಿದ್ದರೆ ಏನು ಗತಿ?

ಮನೆಯಲ್ಲಿ ವಿಷಯ ತಿಳಿದ ಮಾವನವರು, ಉತ್ತರ ಹುಡುಕುತ್ತಿದ್ದ ನನ್ನ ಪುಸ್ತಕ ಮುಚ್ಚಿಸಿದರು. ನನ್ನ ಗಂಡನನ್ನು ಮುಂದೆ, ಅತ್ತೆಯನ್ನು ಹಿಂದೆ ನಿಲ್ಲಿಸಿ, ತಾವು ನಡುವೆ ನಿಂತು, ಒಬ್ಬರ ಸೊಂಟ ಇನ್ನೊಬ್ಬರು ಹಿಡಿದು ಆರು ಕಾಲಿನ ಇರುವೆಯಾದರು. ಮುಂದಿನವರ ಎಡಗಾಲು, ನಡುವಿನವರ ಬಲಗಾಲು, ಹಿಂದಿನವರ ಎಡಗಾಲು ಒಟ್ಟಿಗೆ ಏಳಬೇಕು. ಆಮೇಲೆ ಉಳಿದ ಮೂರು. ಅತ್ತೆ ಮದುವೆಯಾದಂದಿನಿಂದ ಗಂಡ ಹೇಳಿದ ಕಾಲು ಎತ್ತಿದವರಲ್ಲ! ಇರುವೆ ಹೋಗಿ ಸೋಫಾದ ಮೇಲೆ ಬಿತ್ತು.

ಬಿದ್ದಲ್ಲಿಂದಲೇ ಮಾವ ಪಾಠ ಮುಂದುವರಿಸಿದರು. “ನೋಡವ್ವ, ಯಾವಾಗ್ಲೂ ಮೂರು ಕಾಲು ನೆಲದ್ ಮೇಲೇ ಇರ್ತವೆ. ಮೂರು ಕಾಲಿನ ಸ್ಟೂಲು ಎಂಥ ನೆಲದಲ್ಲೂ ಕುಂಟಲ್ಲ. ಕಲ್ಲುಮುಳ್ಳಲ್ಲಿ ನಡೆಯೋ ಮಿಷಿನ್ ಮಾಡೋನು ಇರುವೆ ಹತ್ರಾನೇ ಕಲೀಬೇಕು.”

ಆ ದಿನ ಬಂತು. ಬೆಂಚು ಸರಿಸಿ, ನೆಲದ ತುಂಬ ಕಲ್ಲುಮುಳ್ಳಿನ ಬದಲು ಸ್ಕೂಲ್‌ಬ್ಯಾಗು ಹರಡಿ, ಮಕ್ಕಳನ್ನು ಮೂವರು ಮೂವರಾಗಿ ನಡೆಸುತ್ತಿದ್ದೆ. ಕೆಲವು ಇರುವೆ ನಡೆದವು, ಕೆಲವು ನಗುತ್ತ ಉರುಳಿದವು. ಅಷ್ಟರಲ್ಲಿ ಕರೆಸ್ಪಾಂಡೆಂಟ್ ಒಳಗೆ ಬಂದರು. ಇದು ಪುಸ್ತಕದ ಎಷ್ಟನೇ ಪುಟ ಎಂದರು. ಯಾವ ಪುಟದಲ್ಲೂ ಇಲ್ಲ ಎಂದೆ. ಪುಸ್ತಕ ಬಿಟ್ಟು ಪಾಠ ಮಾಡಿದ ಟೀಚರನ್ನು ಹಿಂದಿನ ವರ್ಷವೇ ಮನೆಗೆ ಕಳಿಸಿದ್ದವರು ಅವರು. ಹಾಗಾದರೆ ಇದನ್ನು ಕಲಿಸಿದವರು ಯಾರು ಎಂದರು.

ಕಾಲೇಜಿನಲ್ಲಿ ಓದಿದೆ ಎಂದಿದ್ದರೆ ನಂಬುತ್ತಿದ್ದರು, ಡಿಗ್ರಿ ಇತ್ತಲ್ಲ! ಕಿಟಕಿಯ ಹೊರಗೆ, ಊಟದ ಡಬ್ಬಿ ಕೊಡುವ ನೆಪದಲ್ಲಿ ಬಂದಿದ್ದ ಮಾವನವರು ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದರು.

“ನಮ್ಮ ಮಾವ, ಸಾರ್. ಫಿಟ್ಟರ್ ಆಗಿದ್ರು” ಎಂದೆ.

“ಪೇರು ಎನ್ನಮ್ಮಾ?” ಅವರ ಹೆಸರೇನು ಎಂದು ಕರೆಸ್ಪಾಂಡೆಂಟ್ ತಮಿಳಿನಲ್ಲಿ ಕೇಳಿದರು.

ನಮ್ಮ ಕಡೆ ಸೊಸೆ ಮಾವನ ಹೆಸರು ಹೇಳುವಂತಿಲ್ಲ. ರೇಷನ್ ಆಫೀಸಿನಲ್ಲಿ ಕೂಡ ನಾನು ಚೀಟಿಯಲ್ಲಿ ಬರೆದು ಕೊಟ್ಟವಳು. ಅವತ್ತು ಕೈಯಲ್ಲಿ ಸೀಮೆಸುಣ್ಣವಿತ್ತು, ಬೋರ್ಡೂ ಇತ್ತು. ಆದರೂ ಬಾಯಿಬಿಟ್ಟು ಹೇಳಿದೆ. ಇನಿಷಿಯಲ್ ಸಮೇತ, ಕೊನೇ ಬೆಂಚಿಗೆ ಕೇಳುವ ಹಾಗೆ.

ಕರೆಸ್ಪಾಂಡೆಂಟ್ ಚಪ್ಪಲಿ ಬಿಟ್ಟು, ಎರಡು ಕಾಲು ಕಡಿಮೆ ಬಿದ್ದಿದ್ದ ಒಂದು ಇರುವೆಯ ಹಿಂದೆ ಹೋಗಿ ನಿಂತರು.

ಖಾಯಂ ಆದ ಕಾಗದ ಬಂದದ್ದು ಮುಂದಿನ ವಾರ. ಪಾಠದ ದಿನ ಸಂಜೆ ಮಾತ್ರ, ಶಾಲೆ ಬಿಡುವವರೆಗೂ ಕಾದಿದ್ದ ಮಾವನವರು ಬಸ್‌ಸ್ಟಾಪಿನವರೆಗೂ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದರು. ಹೆಸರು ಹೇಳಿದ್ದಕ್ಕೆ ಸಿಟ್ಟು ಬಂದಿರಬೇಕು ಎಂದುಕೊಂಡು, ತಪ್ಪಾಯಿತು ಎಂದೆ.

ಅವರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು. “ಫ್ಯಾಕ್ಟ್ರೀಲಿ ಹುಳಗಳ್ನ ನೋಡ್ಕಂಡು ಏನೇನೋ ಮಾಡ್ಕೊಟ್ಟಿವ್ನಿ ಕಣವ್ವ. ಇದ್ಯಾರು ಮಾಡಿದ್ದು ಅಂತ ಸಾಹೇಬ್ರು ಕೇಳಿದ್ರೆ ಇಂಜಿನಿಯರ್‌ಗಳು ತಮ್ಮೆಸ್ರೇ ಹೇಳೋರು. ಡಿಗ್ರಿ ಓದಿರೋರು ನನ್ನೆಸ್ರು ಹೇಳಿದ್ದು ಇವತ್ತೇ.”

ಬಸ್ಸು ಬಂತು. ಹತ್ತಲು ಹೋದರೆ ತಡೆದರು.

“ಇನ್ನೊಂದ್ಸಲ ಹೇಳವ್ವ.”

ಹೇಳಿದೆ.