ಹಳ್ಳದ ಗಿಡಗಳೂ ಅಟ್ಟದ ಯಜಮಾನರೂ

ಗಿಡ ನೆಡೋದ್ರಲ್ಲಿ ನಗೋಕೇನಿದೆ ಅಂತೀರಿ. ನಮ್ಮ ಬೀದೀಲಿ ಒಂದು ಗಿಡ ಚಿಗುರಿದ್ರೆ ಎರಡು ಪ್ರಸಂಗ ಹುಟ್ತಿದ್ವು. ಈಗಲೂ ಆಗ ನೆಟ್ಟ ನೇರಳೆ ಕೆಳಗೆ ಕೂತ್ರೆ ಒಬ್ಬಳೇ ನಗ್ತೀನಿ.

ಬೀದಿಗೆಲ್ಲ ಒಂದೇ ಫೋನಿದ್ದ ಕಾಲ. ಶ್ರೀರಂಗಪಟ್ಟಣದಲ್ಲಿ ನಮ್ಮದು ತಗ್ಗಿನ ಬೀದಿ. ಜೋರು ಮಳೆ ಬಂದ್ರೆ ಊರ ನೀರೆಲ್ಲ ನೆಂಟರ ಹಾಗೆ ನೇರ ನನ್ನ ಅಡುಗೆಮನೆಗೇ ಬಂದು ಒಲೆ ಆರಿಸ್ತಿತ್ತು. ಮೊದಲು ಬೀದಿ ಕೊನೆಯ ದೊಡ್ಡ ಹಳ್ಳ ಆ ನೀರು ಕುಡೀತಿತ್ತು. ನಾವೇ ಹಳೇ ಇಟ್ಟಿಗೆ, ಗಾರೆ ಸುರಿದು ಅದರ ಬಾಯಿ ಮುಚ್ಚಿದ್ವಿ. ಗಿಡ ಹಂಚೋಕೆ ಬಂದ ಅರಣ್ಯ ಇಲಾಖೆ ಸಾಹೇಬ್ರು, ಹಳ್ಳದ ಇಟ್ಟಿಗೆ ಗಾರೆ ತೆಗೆದು ಗಿಡ ನೆಟ್ರೆ ಒಲೆ ಉಳೀತದೆ ಅಂದ್ರು. ನಾನೇ ಮೊದಲು ಮಂಕರಿ ಹೊತ್ತೆ.

೧. ಸಾಹೇಬರ ಮೀಸೆ

ಹೊಂಗೆ, ಬೇವು, ನೇರಳೆ ನೆಟ್ವಿ. ಪಕ್ಕದ ಮನೆ ಜಟಕಾ ಸಾಬರ ಮೇಕೆ ಮಾರನೇ ದಿನವೇ ರುಚಿ ನೋಡ್ತು. ಅವರ ಹೆಂಡತಿ ನಾಚಿಕೊಂಡು, ಸಗಣಿ ಬಗ್ಗಡ ಎರಚಿದ್ರೆ ಮೂಸೂ ನೋಡಲ್ಲ ಅಂತ ತಾನೇ ಕದಡಿ ಕೊಟ್ಟಳು. ಎಲೆಗೆಲ್ಲ ಎರಚಿದ್ವಿ, ಮೇಕೆ ಆ ಕಡೆ ತಿರುಗಲಿಲ್ಲ. ತಿರುಗಿದವರು ಸಾಹೇಬ್ರು. ಬಿಳಿ ಶರಟಲ್ಲಿ ಬಂದು, ಒಂದೊಂದು ಎಲೇನೂ ಮಗುವಿನ ಕೆನ್ನೆ ಹಾಗೆ ಸವರಿ, ಖುಷಿಗೆ ಮೀಸೆ ತಿರುವಿದ್ರು. ಹೇಳೋ ಧೈರ್ಯ ಯಾರಿಗೂ ಬರಲಿಲ್ಲ. ಆಮೇಲೆ ನಮ್ಮನೆ ಕಾಫಿ ಲೋಟ ಬಾಯಿಗಿಟ್ಟು ಮೂಗರಳಿಸಿದ್ರು: "ಅಪ್ಪಟ ಹಾಲು ಕಣಮ್ಮ. ಹಸೂನ ವಾಸನೇನೂ ಹೋಗಿಲ್ಲ."

೨. ದೂರು ಕೇಳೋ ನೇರಳೆ

ಮನೆಗೊಂದು ಗಿಡ ಅಂತ ಹಂಚಿಕೊಂಡಿದ್ವಿ. ಎದುರುಮನೆ ಸೊಸೆ ಪಾಂಡವಪುರದವಳು. ಅತ್ತೆ ಮುಂದೆ ತುಟಿ ಬಿಚ್ಚದವಳು. ಅವಳ ನೇರಳೆ ಮಾತ್ರ ಎಲ್ಲವನ್ನೂ ಮೀರಿಸಿ ಬೆಳೀತು. ಯಾವ ಗೊಬ್ಬರವೋ ಅಂತ ಅತ್ತೆ ಒಂದು ಸಂಜೆ ಮರೆಯಲ್ಲಿ ನಿಂತು ನೋಡಿದ್ರೆ, ಸೊಸೆ ನೀರು ಹುಯ್ಯುತ್ತಾ ಗಿಡಕ್ಕೆ ಹೇಳ್ತಿದ್ದಾಳೆ: ಬೆಳಗ್ಗೆ ಅತ್ತೆ ಏನಂದ್ಲು, ಮಧ್ಯಾಹ್ನ ಏನಂದ್ಲು. ದೂರು ಮುಗಿಯೋ ಹೊತ್ತಿಗೆ ಮೂರು ಬಿಂದಿಗೆ ಖಾಲಿ.

ಮಾರನೇ ದಿನ ಅತ್ತೆ ನನ್ನ ಹತ್ರ ಪಿಸುಗುಟ್ಟಿದ್ಲು: "ನಂಗೂ ಒಂದ್ ಗಿಡ ಕೊಡ್ಸು ಕಣಕ್ಕ. ನಂಗೇನು ಏಳ್ಕೊಳಕ್ಕೆ ಇಲ್ವಾ?"

೩. ಪಾಲಹಳ್ಳಿ ಸಾರು

ನನ್ನ ಒಲೆ ಆರಿದಾಗೆಲ್ಲ ಪಾಲಹಳ್ಳಿಯಿಂದ ನನ್ನ ತಮ್ಮ ಟ್ರಾಕ್ಟರಲ್ಲಿ ಮುದ್ದೆ, ಹುರುಳಿ ಬಸ್ಸಾರು ತರೋದು ವಾಡಿಕೆ. ನಮ್ಮೆಜಮಾನ್ರು ರಾಗಿ ಮೂಟೆ ಸಮೇತ ಅಟ್ಟ ಹತ್ತಿ ಕೂರೋದೂ ವಾಡಿಕೆಯೇ.

ಗಿಡಗಳು ಆಳೆತ್ತರ ಆದ ವರ್ಷ, ಬೆಳಗಿನಿಂದ ಒಂದೇ ಸಮ ಮಳೆ. ಇವರು ಅಟ್ಟ ಹತ್ತಿದ್ರು. ನಾನು ಹೊಸಿಲಲ್ಲಿ ಕೂತು ಹಳ್ಳದ ಕಡೆಗೇ ಕಣ್ಣು ನೆಟ್ಟೆ. ನೀರು ನುಗ್ಗಿ ಬಂತು, ಹಳ್ಳಕ್ಕಿಳೀತು, ಗಿಡಗಳ ಬುಡ ಸುತ್ತಿ ಅಲ್ಲೇ ನಿಂತು ಇಂಗಿತು. ಎಷ್ಟೋ ವರ್ಷದ ಮೇಲೆ ಅಂಥ ಮಳೇಲೂ ನನ್ನ ಒಲೆ ಉರೀತಿತ್ತು.

ಅಷ್ಟರಲ್ಲಿ ಟ್ರಾಕ್ಟರ್ ಸದ್ದು. ಅಟ್ಟದಿಂದ ಯಜಮಾನ್ರು ಗಾಬರಿಯಾಗಿ, "ಲೇ, ಬಿರ್ನೆ ಎಲ್ಡು ಬಿಂದಿಗೆ ನೀರು ನೆಲಕ್ಕೆ ಉಯ್ಯೇ. ಒಣಗಿರೋದ ಕಂಡ್ರೆ ಸಾರು ವಾಪಸ್ ತಗಂಡೋಯ್ತಾನೆ" ಅಂದ್ರು.

"ಈ ನೆಲದ ಮ್ಯಾಲೆ ಒಂದ್ ತೊಟ್ಟು ಬಿದ್ರೂ ಏಣಿ ತೆಗೆದಿಟ್ಬುಡ್ತೀನಿ" ಅಂದೆ.

ತಮ್ಮ ಒಳಗೆ ಬಂದ. ಒಣ ನೆಲ ನೋಡಿದ, ಉರಿಯೋ ಒಲೆ ನೋಡಿದ, ಅಟ್ಟ ನೋಡಿದ. "ನೀರೇ ಬಂದಿಲ್ವಲ್ಲ ಭಾವ, ಇಳೀರಿ" ಅಂದ.

ಇವರು ಮೂಟೆ ತಬ್ಬಿಕೊಂಡೇ ಹೇಳಿದ್ರು: "ಮೊದ್ಲು ನೀನು ಸಾರು ಇಳ್ಸು ಕಣ್ಲಾ. ಆಮ್ಯಾಕೆ ನಾನು ಇಳೀತೀನಿ."