ಹತ್ತು ಪೆಡಲಿನ ಬಂಡಿ

ನಮ್ಮ ಮನೆಯ ಕೊನೆಯ ಮಾಮೂಲಿ ದಿನ ಒಂದು ಬುಧವಾರ. ಮಾಮೂಲಿ ದಿನಗಳಿಗಿರುವ ದೊಡ್ಡ ದೋಷವೆಂದರೆ, ಇದೇ ಕೊನೆಯದು ಎಂದು ಅವು ಮೊದಲೇ ತಿಳಿಸುವುದಿಲ್ಲ. ತಿಳಿಸಿದ್ದರೆ ಅವತ್ತು ಸಾರನ್ನಾದರೂ ಸ್ವಲ್ಪ ಚೆನ್ನಾಗಿ ಮಾಡುತ್ತಿದ್ದೆ, ಜಗಳಕ್ಕೂ ಸ್ವಲ್ಪ ಘನವಾದ ವಿಷಯ ಆರಿಸಿಕೊಳ್ಳುತ್ತಿದ್ದೆ. ನಾನೂ ನನ್ನ ಗಂಡನೂ ಅವತ್ತು ಜಗಳವಾಡಿದ್ದು ಒಂದು ಸೈಕಲ್ಲಿನ ಬಗ್ಗೆ. ಸೈಕಲ್ ಅಂದರೆ ನೀವು ತಿಳಿದ ಸೈಕಲ್ ಅಲ್ಲ. ನಾವಿರುವ ಸ್ಯಾನ್ ಹೊಸೆಯಿಂದ ಒಂದು ಗಂಟೆ ದೂರದ ಓಕ್‌ಲ್ಯಾಂಡಿನಲ್ಲಿ ನೀರಿನ ದಂಡೆಯ ಉದ್ದಕ್ಕೂ ಒಂದು ಬಂಡಿ ಓಡುತ್ತದೆ. ಮೇಲೆ ಸೂರು, ನಡುವೆ ಬಾರಿನಲ್ಲಿರುವಂಥ ಉದ್ದನೆಯ ಕಟ್ಟೆ, ಕಟ್ಟೆಯ ಆಚೆ ಈಚೆ ಐದೈದು ಎತ್ತರದ ಸೀಟು, ಪ್ರತಿ ಸೀಟಿನ ಕೆಳಗೂ ಪೆಡಲು. ಹಿಂದುಗಡೆ ತುಳಿಯಲಾಗದವರಿಗೆಂದು ನಾಲ್ಕು ಜನರ ಬೆಂಚು. ಮುಂದೆ ಒಬ್ಬ ಡ್ರೈವರ್ ಸ್ಟಿಯರಿಂಗು, ಬ್ರೇಕು ನೋಡಿಕೊಳ್ಳುತ್ತಾರೆ. ಬಂಡಿ ಮುಂದೆ ಹೋಗಬೇಕಾದರೆ ಮಾತ್ರ ಟಿಕೆಟ್ ಕೊಂಡು ಬಂದವರೇ ತುಳಿಯಬೇಕು. ತುಳಿಯುತ್ತಾ ಬಿಯರ್ ಕುಡಿಯಬೇಕು, ಕುಡಿಯುತ್ತಾ ಊರು ನೋಡಬೇಕು. ನಮ್ಮ ಅಜ್ಜಂದಿರ ಕಾಲದಲ್ಲಿ ಗಾಣಕ್ಕೆ ಎತ್ತು ಕಟ್ಟುತ್ತಿದ್ದರು. ಎತ್ತಿಗೇ ಟಿಕೆಟ್ ಮಾರಬಹುದೆಂದು ಪಾಪ ಅವರಿಗೆ ಹೊಳೆಯಲಿಲ್ಲ.

ಇವರು ನನ್ನನ್ನು ಒಂದು ಮಾತೂ ಕೇಳದೆ, ನಮ್ಮ ಬಡಾವಣೆಯಾದ ಎವರ್‌ಗ್ರೀನಿನ ಕನ್ನಡ ಗೆಳೆಯರ ವಾಟ್ಸ್ಯಾಪ್ ಗುಂಪಿನಲ್ಲಿ ನಮ್ಮಿಬ್ಬರ ಹೆಸರೂ ಸೇರಿಸಿಬಿಟ್ಟಿದ್ದರು. "ಕುಡಿಯೋದು ನೀವು, ತುಳಿಯೋದು ನಾನಾ?" ಅಂದೆ. "ನಿನ್ನ ಹೆಸರು ಬೆಂಚಿಗೆ ಹಾಕಿದೀನಿ ಕಣೇ. ಮಹಾರಾಣಿ ಥರ ಕೂತ್ಕೋ, ನಾನು ತುಳೀತೀನಿ." "ಎರಡು ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡ್ತೀರಾ, ನೀವು ತುಳಿಯೋ ಬಂಡೀಲಿ ಕೂರೋಕೆ ನನಗೇನು ಹುಚ್ಚಾ?" ಅಂದೆ. ಅವರು ನಕ್ಕರು. ನಾನು ಪಾತ್ರೆ ತೊಳೆಯಲು ಎದ್ದೆ. ಮರುದಿನ ಬೆಳಿಗ್ಗೆ ಆಫೀಸಿನ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ ಇಳಿದವರು ಅಲ್ಲೇ ಕುಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಇದರ ಬಗ್ಗೆ ಇಷ್ಟೇ ಬರೆಯುತ್ತೇನೆ. ನನಗೆ ಗೊತ್ತಿರುವುದೂ ಇಷ್ಟೇ.

ಆಮೇಲಿನ ಹತ್ತು ತಿಂಗಳಲ್ಲಿ ನಾನು ಕಂಡುಕೊಂಡದ್ದೇನೆಂದರೆ, ನಮ್ಮ ಕನ್ನಡದ ಜನ ಬಹಳ ಒಳ್ಳೆಯವರು. ಎಷ್ಟು ಒಳ್ಳೆಯವರೆಂದರೆ, ಅವರ ಕಣ್ಣಿಗೆ ಬೀಳಬಾರದೆಂದು ನಾನು ಮನೆಯ ಹತ್ತಿರದ ಗ್ರೋಸರಿ ಬಿಟ್ಟು ಎರಡು ಫ್ರೀವೇ ದಾಟಿ ಬೇರೆ ಊರಿನ ಅಂಗಡಿಯಲ್ಲಿ ಬೇಳೆ ತರತೊಡಗಿದೆ. ಮೊದಲ ವಾರ ಮನೆಗೆ ಬಂದದ್ದೆಲ್ಲ ಪುಳಿಯೋಗರೆ. ದುಃಖದಲ್ಲಿರುವವರು ಹುಳಿ ತಿನ್ನಬೇಕೆಂದು ಎಲ್ಲಿ ಬರೆದಿದೆಯೋ ತಿಳಿಯದು. ಆಮೇಲೆ ಶುರುವಾದದ್ದು ದನಿ. ನನ್ನನ್ನು ಕಂಡ ಕೂಡಲೇ ಜನರ ದನಿ ಅರ್ಧಕ್ಕೆ ಇಳಿಯುತ್ತದೆ, ಕತ್ತು ಒಂದು ಪಕ್ಕಕ್ಕೆ ವಾಲುತ್ತದೆ. "ಹೇಗಿದೀರಾ" ಎಂಬ ಪದವನ್ನು ಅಷ್ಟು ಉದ್ದ ಎಳೆಯಬಹುದೆಂದು ನನಗೆ ಗೊತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿದೆ. ನನ್ನೆದುರಿಗೆ ಯಾವ ಹೆಂಗಸೂ ತನ್ನ ಗಂಡನನ್ನು ಬೈಯುವುದಿಲ್ಲ. ನಾನು ಅಡುಗೆಮನೆಗೆ ಕಾಲಿಟ್ಟರೆ ಸಾಕು, ಅದುವರೆಗೆ ಕೊತಕೊತ ಕುದಿಯುತ್ತಿದ್ದ ಗಂಡನ ದೂರು ಥಟ್ಟನೆ ಆರಿ, ಎಲ್ಲರೂ ಹವಾಮಾನದ ಬಗ್ಗೆ ಮಾತಾಡುತ್ತಾರೆ. ಸ್ಯಾನ್ ಹೊಸೆಯ ಹವಾಮಾನದಲ್ಲಿ ಮಾತಾಡುವಂಥದ್ದು ಏನಿದೆ? ವರ್ಷವೆಲ್ಲ ಒಂದೇ ಬಿಸಿಲು. ನಾನು ಕೆಲಸ ಮಾಡುವ ಡೇಕೇರಿನ ಮೂರು ವರ್ಷದ ಮಕ್ಕಳು ಮಾತ್ರ ನನ್ನ ಮೇಲೆ ಮೊದಲಿನಷ್ಟೇ ಕಿರುಚಿದವು, ಮೊದಲಿನಂತೆಯೇ ನನ್ನ ಸೀರೆಗೆ ಮೂಗು ಒರೆಸಿದವು. ಅವಕ್ಕೆ ನಾನು ಋಣಿ. ಉಳಿದವರಿಂದ ನನಗೆ ಬೇಕಾಗಿದ್ದುದು ಒಂದೇ. ಎರಡು ಗಂಟೆ ಹೊತ್ತಾದರೂ ನಾನು ಮಾಮೂಲಿ ಹೆಂಗಸಾಗಿರಬೇಕು. ಯಾರಾದರೂ ನನ್ನನ್ನು ರೇಗಿಸಬೇಕು, ಇಲ್ಲವೇ ಬೈಯಬೇಕು.

ಅಂಥ ಹೊತ್ತಿನಲ್ಲಿ ಈ ಬಂಡಿ ಮತ್ತೆ ಬಂತು. ಇವರು ತೀರಿಕೊಂಡ ವಾರವೇ ನಡೆಯಬೇಕಿದ್ದ ಸವಾರಿಯನ್ನು ಮುಂದೂಡಿದ್ದರಂತೆ. ಗುಂಪಿನ ಉಸ್ತುವಾರಿ ನೋಡಿಕೊಳ್ಳುವ ನಾಗೇಶ್ ಹಳೆಯ ಪಟ್ಟಿಯನ್ನೇ ಎತ್ತಿ ಹಾಕಿ, "ಬದಲಾವಣೆ ಇದ್ದರೆ ತಿಳಿಸಿ" ಎಂದು ಬರೆದ. ಏಳು ಜೋಡಿ, ಹದಿನಾಲ್ಕು ಹೆಸರು. ಬದಲಾವಣೆ ಇದ್ದದ್ದು ನನಗೊಬ್ಬಳಿಗೇ. ಅಳಿಸೋಣವೆಂದು ಪಟ್ಟಿ ತೆರೆದೆ, ಬೆರಳು ಬರಲಿಲ್ಲ. ಉಳಿದ ಹನ್ನೆರಡು ಜನಕ್ಕೂ ಬರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಕ್ಯಾಂಪ್‌ಬೆಲ್‌ನಲ್ಲಿರುವ ಮಗಳಿಗೆ ಫೋನ್ ಮಾಡಿದೆ. "ಅಮ್ಮಾ, ಜಸ್ಟ್ ಗೋ. ಯು ನೀಡ್ ಪೀಪಲ್" ಅಂದಳು. "ಜನರಿಂದಲೇ ತಪ್ಪಿಸಿಕೊಂಡು ಓಡಾಡ್ತಿದೀನಲ್ಲೇ" ಅಂದರೆ, "ದೆನ್ ಪೆಡಲ್ ಫಾಸ್ಟರ್" ಅಂದಳು. ಭಾಷೆ ಇಂಗ್ಲಿಷಿನದು, ಬಾಯಿ ಮಾತ್ರ ಥೇಟ್ ಅವರಪ್ಪನದು.

ಇನ್ನು ಉಳಿದದ್ದು ಹಾಸನದಲ್ಲಿರುವ ಇವರ ಅಕ್ಕನ ಅಪ್ಪಣೆ. ವರ್ಷ ತುಂಬುವವರೆಗೆ ಶುಭಕಾರ್ಯಕ್ಕೆ ಹೋಗಬಾರದು ಎಂಬ ಕಾನೂನನ್ನು ಅವರು ಅಲ್ಲಿಂದಲೇ ಜಾರಿಗೊಳಿಸುತ್ತಿದ್ದರು. ಯಾವುದು ಶುಭ, ಯಾವುದು ಅಲ್ಲ ಎನ್ನುವ ತೀರ್ಪೂ ಅವರದೇ. ಡೇಕೇರಿನ ಮಗುವಿನ ಹುಟ್ಟುಹಬ್ಬಕ್ಕೆ ಹೋಗಬಹುದು, ಕೇಕ್ ತಿನ್ನಬಾರದು, ಹೀಗೆ.

"ವಿಮಲಾ, ಅಲ್ಲಿ ಪೂಜೆ ಏನಾದ್ರೂ ಇಟ್ಕೊಂಡಿದಾರಾ?"

"ಇಲ್ಲ ಅಕ್ಕ."

"ಆರತಿ, ಕುಂಕುಮ, ಬಾಗಿನ?"

"ಏನೂ ಇಲ್ಲ ಅಕ್ಕ."

"ಮತ್ತೇನಿರುತ್ತೆ?"

"ಬಿಯರ್ ಇರುತ್ತೆ."

ಹಾಸನದಲ್ಲಿ ಧರ್ಮಸೂಕ್ಷ್ಮದ ವಿಚಾರಣೆ ನಡೆಯಿತು. "ಹಾಗಾದ್ರೆ ಶುಭಕಾರ್ಯ ಅಲ್ಲ. ಧಾರಾಳವಾಗಿ ಹೋಗಿ ಬಾ" ಅಂದರು. ಬಿಯರ್ ಬದಲು ಪಾನಕ ಎಂದಿದ್ದರೆ ನನ್ನನ್ನು ಮನೆಯಲ್ಲೇ ಕೂರಿಸುತ್ತಿದ್ದರು.

ಶನಿವಾರ ಹನ್ನೊಂದು ಗಂಟೆಗೆ ದಂಡೆಯಲ್ಲಿ ಎಲ್ಲರೂ ಸೇರಿದೆವು. ಗಾಜಿನ ಬಾಟಲಿ ತರಬಾರದೆಂಬ ನಿಯಮವಿತ್ತು. ಹಾಗಾಗಿ ಗಂಡಸರು ಕ್ಯಾನಿನ ಬಿಯರ್ ತಂದಿದ್ದರು. ಹೆಂಗಸರು ಫ್ಲಾಸ್ಕಿನಲ್ಲಿ ಇಂಗಿನ ಮಜ್ಜಿಗೆ, ಡಬ್ಬಿಯಲ್ಲಿ ಕೋಡುಬಳೆ ತಂದಿದ್ದರು. ನಮ್ಮವರು ಪಾಪ ಮಾಡಲು ಹೊರಟರೂ ಒಂದು ಡಬ್ಬಿ ಕೋಡುಬಳೆ ಕಟ್ಟಿಕೊಂಡೇ ಹೊರಡುತ್ತಾರೆ. ನನ್ನನ್ನು ಕಂಡವರೆಲ್ಲ ಪದ್ಧತಿಯಂತೆ ಕತ್ತು ವಾಲಿಸಿದರು. ನಾಗೇಶನ ಹೆಂಡತಿ ರೇಖಾ ನನ್ನ ಮೊಣಕೈ ಹಿಡಿದು, ನೂರು ವರ್ಷದ ಮುದುಕಿಯನ್ನು ಹತ್ತಿಸುವಂತೆ ಬೆಂಚಿಗೆ ಹತ್ತಿಸಿದಳು. ನನಗೆ ಐವತ್ತಾರು. ದಿನಕ್ಕೆ ಎಂಟು ಗಂಟೆ ಮಕ್ಕಳನ್ನು ಎತ್ತಿ ಇಳಿಸುವವಳು. ಹೇಳಿ ಫಲವಿಲ್ಲವೆಂದು ಸುಮ್ಮನೆ ಕೂತೆ.

ಡ್ರೈವರ್ ಅರವತ್ತರ ಆಸುಪಾಸಿನ ಹೆಂಗಸು, ಬಿಳಿ ಜಡೆ, ಕೈಯಲ್ಲಿ ಪಟ್ಟಿ. ಹತ್ತಿ ಕೂತವರನ್ನು ಎಣಿಸಿದರು. ಹದಿಮೂರು. ಪಟ್ಟಿ ನೋಡಿದರು. ಹದಿನಾಲ್ಕು. ಒಂದು ಪೆಡಲಿನ ಸೀಟು ಖಾಲಿ. "ಯಾರು ಬಂದಿಲ್ಲ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹನ್ನೆರಡು ಜನವೂ ಒಟ್ಟಿಗೆ ತಮ್ಮ ತಮ್ಮ ಬೂಟು ನೋಡಿಕೊಂಡರು. ನಾನೇ, "ನನ್ನ ಗಂಡ" ಅಂದೆ. "ಈಸ್ ಹಿ ಲೇಟ್?" ಅಂದರು.

ನಮ್ಮ ಕಡೆಯ ಮದುವೆಯ ಪತ್ರಿಕೆಗಳನ್ನು ನೀವು ನೋಡಿದ್ದೀರಿ. ಸತ್ತವರ ಹೆಸರಿನ ಮುಂದೆ 'ಲೇಟ್' ಎಂದು ಹಾಕಿರುತ್ತಾರೆ. ಅದನ್ನೇ ಓದಿಕೊಂಡು ಬೆಳೆದವಳು ನಾನು. ಈ ಹೆಂಗಸಿಗೆ ಹೇಗೋ ವಿಷಯ ಗೊತ್ತಾಗಿದೆ, ಎಷ್ಟು ನಯವಾಗಿ ಕೇಳಿದರು ಅಂದುಕೊಂಡೆ. "ಯೆಸ್," ಅಂದೆ, "ಹಿ ಈಸ್ ಲೇಟ್."

"ಪರವಾಗಿಲ್ಲ, ಐದು ನಿಮಿಷ ಕಾಯೋಣ" ಅಂದು ಆ ತಾಯಿ ಬ್ರೇಕು ಹಾಕಿ ಕೂತುಬಿಟ್ಟರು.

ಕಾದೆವು. ತಿದ್ದುವ ಧೈರ್ಯ ಯಾರಿಗಿದೆ? ಹದಿಮೂರು ಜನ, ಅದರಲ್ಲಿ ಐದು ಮಂದಿ ದೊಡ್ಡ ಕಂಪನಿಗಳಲ್ಲಿ ಮ್ಯಾನೇಜರುಗಳು, ಓಕ್‌ಲ್ಯಾಂಡಿನ ದಂಡೆಯಲ್ಲಿ ಬಿಸಿಲಿಗೆ ಕೂತು, ಹತ್ತು ತಿಂಗಳ ಹಿಂದೆ ತೀರಿಕೊಂಡವರು ಬರಲಿ ಎಂದು ಕಾದೆವು. ಒಬ್ಬರು ಬಂದರಿನ ಕ್ರೇನುಗಳನ್ನು ಬಹಳ ಆಸಕ್ತಿಯಿಂದ ನೋಡಿದರು. ಒಂದು ಕಡಲಹಕ್ಕಿ ಬಂದು ತೆರೆದ ಡಬ್ಬಿಯಿಂದ ಕೋಡುಬಳೆ ಕಚ್ಚಿಕೊಂಡು ಹೋಯಿತು, ಯಾರೂ ಹುಷ್ ಎನ್ನಲಿಲ್ಲ. "ಫೋನ್ ಮಾಡಿ ನೋಡಿ" ಅಂದರು ಡ್ರೈವರಮ್ಮ. ಗಾಬರಿಯಲ್ಲಿ ನಾಗೇಶನ ಬಾಯಿಂದ ಬಂದದ್ದು, "ನೋ ನೆಟ್‌ವರ್ಕ್ ದೇರ್." ಅಂದ ಮೇಲೆ ತಾನು ಅಂದದ್ದೇನೆಂದು ಹೊಳೆದು ಅವನ ಮುಖ ಬೂದಿಯಾಯಿತು. ಡ್ರೈವರಮ್ಮ ತಲೆಯಾಡಿಸಿದರು. "ಹೌದು, ಇಲ್ಲಿಗೆ ಬರೋ ಆ ಸುರಂಗದ ದಾರೀಲಿ ಸಿಗ್ನಲ್ ಸಿಗೋದೇ ಇಲ್ಲ."

ಇದು ಹೀಗೇ ಬಿಟ್ಟರೆ ಸಂಜೆಯವರೆಗೂ ಕಾಯುತ್ತಾರೆ ಅನ್ನಿಸಿತು. ಎದ್ದೆ. "ಅವರು ಬರಲ್ಲ. ಅವರ ಸೀಟಲ್ಲಿ ನಾನು ತುಳೀತೀನಿ" ಅಂದೆ. "ಬೇಡ ವಿಮಲಾ, ನಿಮಗ್ಯಾಕೆ, ನೀವು ಆರಾಮಾಗಿ ಕೂತಿರಿ" ಎಂದು ಎಲ್ಲರೂ ಅರ್ಧ ದನಿಯಲ್ಲಿ ಹೇಳಿದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿ ಕೂತೆ. ಕಾಲು ಪೆಡಲಿಗೆ ಬೆರಳ ತುದಿಯಷ್ಟೇ ಮುಟ್ಟುತ್ತಿತ್ತು. ಹಾಗೆಂದು ಒಪ್ಪಿಕೊಳ್ಳುವ ಹೆಂಗಸಲ್ಲ ನಾನು.

ಬಂಡಿ ಹೊರಟಿತು. ದೋಣಿಗಳು, ಫೆರ್ರಿ, ಬಿಸಿಲು, ರಸ್ತೆಯ ಬದಿಯಿಂದ ಕೈಬೀಸುವ ಗುರುತಿಲ್ಲದ ಜನ. ಈ ಜನಕ್ಕೆ ನನ್ನ ವಿಷಯ ಗೊತ್ತಿರಲಿಲ್ಲವಾದ್ದರಿಂದ ಕತ್ತು ನೆಟ್ಟಗಿಟ್ಟುಕೊಂಡೇ ಕೈಬೀಸಿದರು. ಆ ಊರಿನಲ್ಲಿ ರೈಲಿನ ಹಳಿ ರಸ್ತೆಯ ಮಧ್ಯದಲ್ಲೇ ಹಾದುಹೋಗುತ್ತದೆ. ಅದನ್ನು ದಾಟುವಲ್ಲಿ ಸಣ್ಣ ಉಬ್ಬು. ಆಗ ಯಾವ ರೈಲೂ ಬರುತ್ತಿರಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಗುಂಪಿನವರು ಈಗ ಈ ಕಥೆಯನ್ನು ರೈಲು ಸೇರಿಸಿಯೇ ಹೇಳುತ್ತಿದ್ದಾರೆ. ಮುಂದಿನ ಗಾಲಿ ಹಳಿ ದಾಟಿತು. ಹಿಂದಿನದು ಸಿಕ್ಕಿಕೊಂಡಿತು. "ಪೆಡಲ್! ಪೆಡಲ್!" ಎಂದು ಡ್ರೈವರಮ್ಮ ಕೂಗಿದರು. ತೊಡೆ ಉರಿಯುತ್ತಿತ್ತು, ಉಸಿರು ಸಾಲುತ್ತಿರಲಿಲ್ಲ. ತಲೆ ಬಗ್ಗಿಸಿ, ಇದ್ದ ಬದ್ದ ಶಕ್ತಿಯೆಲ್ಲ ಕಾಲಿಗೆ ಹಾಕಿ, ನಾನೂ ಕೂಗಿದೆ: "ರೀ! ಜೋರಾಗಿ ತುಳೀರೀ!"

ಕನ್ನಡದ ಗಂಡಸರ ಮೈಯಲ್ಲಿ ಒಂದು ಗುಂಡಿ ಇದೆ. ಹೆಂಡತಿ 'ರೀ' ಅಂದರೆ ಸಾಕು, ಮಾಡುತ್ತಿದ್ದ ಕೆಲಸ ನಿಲ್ಲಿಸಿ 'ಆಂ?' ಅನ್ನುತ್ತಾರೆ. ನಿಲ್ಲಿಸುವುದಷ್ಟೇ, ಮುಂದಿನದನ್ನು ಕೇಳಿಸಿಕೊಳ್ಳುವುದಿಲ್ಲ. ಆರೂ ಗಂಡಸರು ತಮ್ಮನ್ನೇ ಕರೆದರೆಂದು ಆರೂ ಜೊತೆ ಕಾಲು ನಿಲ್ಲಿಸಿ, ಆರು ದಿಕ್ಕಿಗೆ ಕತ್ತೆತ್ತಿ, "ಆಂ?" ಅಂದರು. ಬಂಡಿ ಹಳಿಯ ಮೇಲೆ ನಿಂತೇ ಹೋಯಿತು.

ಯಾರು ಕೂಗಿದ್ದೆಂದು ಎಲ್ಲರಿಗೂ ಗೊತ್ತಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಎಲ್ಲರ ಕತ್ತೂ ವಾಲತೊಡಗಿತು. ರೇಖಾ ಟಿಶ್ಯೂ ತೆಗೆಯಲು ಪರ್ಸಿಗೆ ಕೈಹಾಕಿದಳು. ಮುಗಿಯಿತು, ಇನ್ನು ಜೀವನಪೂರ್ತಿ ಪುಳಿಯೋಗರೆಯೇ ಗತಿ ಅಂದುಕೊಂಡೆ. ಆಗ ಎದುರಿನ ಸೀಟಿನಲ್ಲಿದ್ದ ಮಂಡ್ಯದ ಜಯಕ್ಕ ಬಿಯರ್ ಕ್ಯಾನನ್ನು ಕಟ್ಟೆಯ ಮೇಲೆ ಕುಕ್ಕಿದರು.

"ಅಲ್ಲ ಕಣಮ್ಮಿ ವಿಮ್ಲಾ, ಇಪ್ಪತ್ತೆಂಟು ವರ್ಷದಿಂದ ಬಾಯಿ ಬಡ್ಕೊತಾವ್ನಿ, ನಂದು ಒಂದು ದಿವ್ಸ ತಿರುಗಿಲ್ಲ. ನೀನು ಒಂದೇ ಒಂದ್ ಕಿತ ಕೂಗಿದ್ದುಕ್ಕೆ ಆರಾರು ಜನ ತಿರುಗುದ್ರಲ್ಲೇ! ನನ್ನೋನ್ನೂ ನೀನೇ ಮಡೀಕೊ ಅತ್ಲಾಗೆ."

"ಏನೇ ಜಯಾ ಇದು, ಎಲ್ಲಾರ ಮುಂದೆ..." ಎಂದು ಅವರ ಯಜಮಾನರು ತೊದಲಿದರು.

"ನೀವು ಮೊದ್ಲು ತುಳೀರಿ. ರೈಲು ಬಂದ್ರೆ ಆಮೇಲೆ ಮರ್ವಾದೆ ಹುಡ್ಕೀವ್ರಂತೆ."

ಮೊದಲು ನಕ್ಕವಳು ನಾನು. ನಗು ಬಂದರೆ ಪೆಡಲಿನ ಮೇಲೆ ಕಾಲು ನಿಲ್ಲುವುದಿಲ್ಲ. ಆಮೇಲೆ ಎಲ್ಲರೂ ನಕ್ಕರು. ಬಂಡಿ ಹೇಗೆ ಹಳಿ ದಾಟಿತೋ ನೆನಪಿಲ್ಲ. ಆಚೆ ದಾಟಿದ ಮೇಲೆ ಲೋಕ ಸರಿಹೋಗಿತ್ತು. ರೇಖಾ ಟಿಶ್ಯೂ ಒಳಗಿಟ್ಟು, ನಾಗೇಶನ ಗೊರಕೆಯ ಬಗ್ಗೆ ಹತ್ತು ತಿಂಗಳಿಂದ ನನಗೆ ಹೇಳದೆ ಕೂಡಿಟ್ಟಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಇನ್ನೊಬ್ಬರು ತಮ್ಮವರು ಡಿಶ್‌ವಾಷರಿಗೆ ಪಾತ್ರೆ ಜೋಡಿಸುವ ಚಂದ ವರ್ಣಿಸಿದರು. ಹವಾಮಾನದ ಸುದ್ದಿ ಯಾರೂ ಎತ್ತಲಿಲ್ಲ. ಕೊನೆಗೆ ಪಕ್ಕದ ಸೀಟಿನ ನಾಗೇಶನೇ ಪೂರ್ತಿ ದನಿಯಲ್ಲಿ ಗದರಿದ: "ಏನ್ರೀ ವಿಮಲಾ ಅವರೇ, ಸುಮ್ನೆ ಕಾಲಿಟ್ಟುಕೊಂಡು ಕೂತಿದೀರಾ. ನೀವು ತುಳೀತಾನೇ ಇಲ್ಲ, ಭಾರ ಎಲ್ಲ ನನ್ನ ಮೇಲೇ ಬೀಳ್ತಿದೆ!" ಹತ್ತು ತಿಂಗಳಲ್ಲಿ ನನ್ನನ್ನು ಬೈದ ಮೊದಲ ವಯಸ್ಕ ಮನುಷ್ಯ. ಎರಡು ಹಿಡಿ ಕೋಡುಬಳೆ ಕೊಟ್ಟೆ.

ಇಲ್ಲಿಗೇ ನಿಲ್ಲಿಸಿದ್ದರೆ ನಾನು ಗೆದ್ದಂತೆ ಕಾಣುತ್ತಿತ್ತು. ಆದರೆ ಒಂದು ವಿಷಯ ಅವರಿಗೆ ಯಾರಿಗೂ ಗೊತ್ತಿಲ್ಲ. ಹಳಿಯ ಮೇಲೆ ನನಗೆ ಇವರ ನೆನಪು ಉಕ್ಕಿ ಬಂತೆಂದು ಅವರೆಲ್ಲ ತಿಳಿದಿದ್ದಾರೆ. ನೆನಪಿದ್ದರೆ ಕೂಗುತ್ತಲೇ ಇರಲಿಲ್ಲ. ಮರೆತಿದ್ದೆ. ಅಷ್ಟು ಜೋರಾಗಿ ತುಳಿಯುತ್ತಿದ್ದಾಗ, ಇವರು ಹೋಗಿದ್ದಾರೆಂಬುದೇ ಮರೆತಿತ್ತು. ನೆನಪಾದದ್ದು ಆ ಆರು 'ಆಂ?' ಕೇಳಿದ ಮೇಲೆ. ಇವರು ಒಂದು ದಿನವೂ 'ಆಂ' ಅಂದವರಲ್ಲ. ನಾನು 'ರೀ' ಅಂದರೆ, ಯಾವ ಕೋಣೆಯಲ್ಲಿದ್ದರೂ, "ಹೇಳು" ಅನ್ನುತ್ತಿದ್ದರು. ಮೂವತ್ತೊಂದು ವರ್ಷ ಒಬ್ಬ ಮನುಷ್ಯ 'ಹೇಳು, ಹೇಳು' ಅಂದರೆ ಬೇರೆ ಹೆಂಗಸರು ಎಂಥೆಂಥ ಮಾತು ಹೇಳುತ್ತಿದ್ದರೋ. ನಾನು ಹೇಳಿದ್ದು ಹಾಲು ಮುಗಿದಿದೆ, ಕಸದ ಡಬ್ಬಿ ಹೊರಗಿಡಿ, ಬಚ್ಚಲಿನ ದೀಪ ಆರಿಸಿ. ಈಗಲೂ ನನ್ನ ಹತ್ತಿರ ಹೇಳುವುದಕ್ಕಿರುವುದು ಹೆಚ್ಚುಕಡಿಮೆ ಅಷ್ಟೇ. "ಹೇಳು" ಅನ್ನುವವರು ಇಲ್ಲ.